ಆಶಪ್ಪನ ಹೂಂ

ನವನೀತಾ ಇನ್ನೊಬ್ಬರಿಗೆ ದಾರಿ ತೋರಿಸುವ ಕೆಲಸಕ್ಕೆ ಸೇರಿದಳು ಎಂಬ ಸುದ್ದಿ ಕೇಳಿ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಮೊದಲು ನಕ್ಕವನು ಅವಳ ಅಪ್ಪ ಶ್ರೀರಾಮುಲು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ನಕ್ಕ. ನಗುವಿನ ಭರಕ್ಕೆ ಲಾಳಿ ಅಡ್ಡಾದಿಡ್ಡಿ ಹಾರಿ ನಾಲ್ಕು ಎಳೆ ಹರಿದವು. ಅದಕ್ಕೂ ಮಗಳನ್ನೇ ಬೈದ.

“ಈಕಿ ದಾರಿ ತೋರಿಸ್ತಾಳಂತ! ಈಕಿ ಸಂತಿಗೆ ಹೋಗಿ ಬರಬೇಕಂದ್ರ ಹಿಂದೊಬ್ಬರು ಮುಂದೊಬ್ಬರು ಬೇಕು.”

ಮಾತು ಸುಳ್ಳೇನಲ್ಲ. ನವನೀತಾಳಿಗೆ ಇಪ್ಪತ್ತೇಳು ವರ್ಷ. ಹೋದ ವರ್ಷ ಕೊತ್ತಂಬರಿ ತರಲು ಕಳಿಸಿದಾಗ ದಾರಿಯಲ್ಲಿ ಸಿಕ್ಕ ಮದುವೆ ಜೀಪಿನವರು “ಬರ್ತೀಯೇನವ್ವ?” ಎಂದು ಚೇಷ್ಟೆಗೆ ಕೇಳಿದ್ದರು. ಹತ್ತಿ ಕುಳಿತೇಬಿಟ್ಟಳು. ಕೋಸ್ಗಿಯಲ್ಲಿ ಗುರುತೇ ಇಲ್ಲದವರ ಮದುವೆಯಲ್ಲಿ ಉಂಡು, ಮದುಮಗಳಿಗೆ ಅರಿಸಿನ ಹಚ್ಚಿ, ಹಾಡನ್ನೂ ಹೇಳಿ ಮರುದಿನ ಮಧ್ಯಾಹ್ನ ಮನೆಗೆ ಬಂದಳು. ಕೊತ್ತಂಬರಿ ಮಾತ್ರ ಮರೆಯದೆ ತಂದಿದ್ದಳು. ಎಳೆಗಳ ಲೆಕ್ಕ ಹಿಡಿಯಬೇಕಾದ ಚೌಕಳಿ ಸೀರೆ ಅವಳ ಕೈಗೆ ಎಂದೂ ಹತ್ತಲಿಲ್ಲ. ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುವುದರಲ್ಲಿ ಮಾತ್ರ ಓಣಿಯಲ್ಲಿ ಅವಳನ್ನು ಮೀರಿಸಿದವರಿಲ್ಲ.

ಅವಳ ತೊಂದರೆಗೊಂದು ಹೆಸರಿದೆ ಎಂದು ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಗದ್ವಾಲದ ಕರುಣಾ ಮೇಡಂ ಒಂದು ಸಣ್ಣ ಕಚೇರಿ ನಡೆಸುತ್ತಿದ್ದರು. ಮಾತು ತಡವಾಗಿ ಬಂದವರು, ಶಾಲೆ ಬಿಟ್ಟವರು, ಊರಿನವರಿಂದ ಮಳ್ಳ ಅನ್ನಿಸಿಕೊಂಡವರು ಎಲ್ಲ ಅಲ್ಲಿಗೆ ಬರುತ್ತಿದ್ದರು. ತಿಂಗಳಿಗೊಮ್ಮೆ ಹೈದರಾಬಾದಿನಿಂದ ಡಾಕ್ಟರು ಬರುತ್ತಿದ್ದರು. ಅವರು ನವನೀತಾಳ ಮುಖವನ್ನು ಅಳತೆಪಟ್ಟಿ ಹಿಡಿದು ನೋಡಿದರು. ಮೂಗಿನ ಕೆಳಗೆ ತುಟಿಯವರೆಗೆ ಎಲ್ಲರಿಗೂ ಇರುವ ಗುಳಿ ಅವಳಿಗೆ ಇರಲಿಲ್ಲ, ಆ ಜಾಗ ಇಸ್ತ್ರಿ ಮಾಡಿದಂತೆ ಸಪಾಟಾಗಿತ್ತು. ಆಮೇಲೆ ಡಾಕ್ಟರು ತಾಯಿ ಅನಂತಮ್ಮನ ಕಡೆ ತಿರುಗಿ, ಬಸುರಿಯಾಗಿದ್ದಾಗ ಕುಡಿಯುತ್ತಿದ್ದಿರಾ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು.

“ಛೀ ಛೀ, ಇಲ್ರೀ ಸಾರ್. ಸಾರಾಯಿ ಮುಟ್ಟಿಲ್ಲ. ಬರೇ ಈಚಲ ಸಿಂದಿ.”

“ದಿನಾ?”

“ದಿನಾ ಎರಡು ಸೀಸಾ. ಹಬ್ಬಿದ್ರ ಮೂರು.”

ಡಾಕ್ಟರು ಒಂದು ಉದ್ದನೆಯ ಹೆಸರು ಬರೆದರು. ಫೀಟಲ್ ಆಲ್ಕೋಹಾಲ್ ಎಂದು ಶುರುವಾಗಿ, ಕೊನೆ ಮುಟ್ಟುವಷ್ಟರಲ್ಲಿ ನವನೀತಾಳಿಗೆ ಮೊದಲು ಮರೆತುಹೋಗುವಷ್ಟು ಉದ್ದ. ತಾಯಿ ಕುಡಿದದ್ದು ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ ತಟ್ಟುತ್ತದಂತೆ. ಹುಟ್ಟಿದ ಮೇಲೂ ನೆನಪು, ಹೊತ್ತಿನ ಅಂದಾಜು, ಲೆಕ್ಕ, ಯಾರನ್ನು ನಂಬಬೇಕು ಎಂಬ ಎಚ್ಚರ ಇವೆಲ್ಲ ಕೈಕೊಡುತ್ತವಂತೆ. ಸೋಮಾರಿತನವಲ್ಲ, ಸೊಕ್ಕಲ್ಲ. ಗುಳಿಗೆ ನುಂಗಿದರೆ ಹೋಗುವಂಥದ್ದೂ ಅಲ್ಲ, ಆದರೆ ಉಪಾಯ ಕಲಿತವರು ಬದುಕಿಕೊಳ್ಳುತ್ತಾರೆ.

ಅನಂತಮ್ಮ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನವನೀತಾಳಿಗೆ ಅಳು ಬರಲಿಲ್ಲ. ಶಾಲೆಯಲ್ಲಿ ತಿಂದ ಅಷ್ಟೂ ಏಟು ತನ್ನ ಲೆಕ್ಕಕ್ಕಲ್ಲ ಎಂದು ತಿಳಿದು ಮೈ ಹಗುರಾಯಿತು. ಮರುದಿನ ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆಲ್ಲ ಸಾರಿದಳು: “ನಿಮ್ಮ ಗಂಡಂದಿರಂಗ ದೊಡ್ಡಾಗಿ ಕುಡಿಯೂದು ಕಲತಾಕಿ ಅಲ್ಲ ನಾನು. ಹೊಟ್ಯಾಗ ಇದ್ದಾಗೇ ಕುಡದು, ಬಿಟ್ಟು, ಆಮ್ಯಾಲೆ ಹೊರಗ ಬಂದೀನಿ.” ಹೆಂಗಸರು ನಕ್ಕರು. ಅನಂತಮ್ಮ ಮಾತ್ರ ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಸಿಂದಿಯನ್ನು ಅಂದೇ ಬಿಟ್ಟಳು. ಆ ಕಚೇರಿಯ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.

ನವನೀತಾ ಉಪಾಯ ಕಲಿತಳು. ಹೋಗಬೇಕಾದ ಊರನ್ನು ಬಾಲ್ಪೆನ್ನಿನಿಂದ ಮುಂಗೈಮೇಲೆ ಬರೆದುಕೊಳ್ಳುತ್ತಿದ್ದಳು. ಫೋನಿನಲ್ಲಿ ತನ್ನದೇ ದನಿಯ ಅಲಾರಂ ಇಟ್ಟಿದ್ದಳು, “ಏಳ ಕತ್ತಿ, ಹೊತ್ತಾತು, ರಾಟಿಗೆ ಕೂಡು” ಎಂದು ಅದು ಬೈಯುತ್ತಿತ್ತು. ಯಾರು ಏನೇ ಕೇಳಲಿ, ತಕ್ಷಣ ಒಪ್ಪದೆ, “ತಡೀರಿ, ವಿಚಾರ ಮಾಡಿ ಹೇಳ್ತೀನಿ” ಎನ್ನುವುದನ್ನು ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡಳು. ಇದನ್ನೆಲ್ಲ ನೋಡಿದ ಕರುಣಾ ಮೇಡಂ ಒಂದು ದಿನ ಅವಳನ್ನು ಕೂರಿಸಿಕೊಂಡು, ‘ಜೋಡಿದಾರ’ ಎಂಬ ಹೊಸ ಕೆಲಸದ ಮಾತು ತೆಗೆದರು. ಇದೇ ತೊಂದರೆ ಇದ್ದು ಹೇಗೋ ಸಂಭಾಳಿಸಿಕೊಂಡವರು, ಇನ್ನೂ ಒದ್ದಾಡುತ್ತಿರುವವರಿಗೆ ಜೊತೆಯಾಗಬೇಕು.

“ನಂಗೇ ನೆನಪಿರಲ್ರಿ ಮೇಡಂ. ಇನ್ನೊಬ್ಬರಿಗೆ ಏನಂತ ನೆನಪ ಮಾಡ್ಲಿ?”

“ಇಬ್ಬರೂ ಮರೀರಿ. ಇಬ್ಬರೂ ಒಂದೇ ಸಲ ಮರೀಬ್ಯಾಡ್ರಿ, ಅಷ್ಟ.”

ತನ್ನ ಪಾಲಿಗೆ ಎರಡು ಜಡೆಯ ಶಾಲೆಯ ಹುಡುಗಿಯೊಬ್ಬಳು ಬರುತ್ತಾಳೆಂದು ನವನೀತಾ ಎಣಿಸಿದ್ದಳು. ಬಂದವನು ಮೂವತ್ತನಾಲ್ಕು ವರ್ಷದ ಆಶಪ್ಪ. ಉಟ್ಕೂರಿನ ಆಚೆಯ ಹಳ್ಳಿಯವನು, ಕುರಿ ಕಾಯುವವನು, ಹೆಗಲಮೇಲೆ ಕಂಬಳಿ, ಸಪಾಟು ತುಟಿಯನ್ನು ಮುಚ್ಚುವಷ್ಟು ದಪ್ಪ ಮೀಸೆ.

ಆಶಪ್ಪನಿಗೆ ಒಬ್ಬನೇ ಹತ್ತಲು ಬರುತ್ತಿದ್ದ ಬಸ್ಸು ಒಂದೇ, ಅದು ಮಕ್ತಲದ್ದು. ಹಾಗಾಗಿ ಪ್ರತಿ ಶನಿವಾರ ಹತ್ತೂವರೆಗೆ ಮಕ್ತಲ ಬಸ್‌ಸ್ಟ್ಯಾಂಡಿನಲ್ಲಿ ಭೇಟಿ ಎಂದಾಯಿತು. ಮೊದಲ ಶನಿವಾರ ನವನೀತಾ ಮುಂಗೈಮೇಲೆ ‘ಮಕ್ತಲ’ ಎಂದು ದಪ್ಪಗೆ ಬರೆದುಕೊಂಡು, ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೇಟು ಪಡೆದು ಗದ್ವಾಲದ ಬಸ್ಸಿನಲ್ಲಿ ಕುಳಿತಳು. ಪಕ್ಕದ ಸೀಟಿನ ಹೆಂಗಸು ತನ್ನ ಸೊಸೆಯ ಕಥೆ ತೆಗೆದಳು. ಕಥೆ ಎಷ್ಟು ಚೆನ್ನಾಗಿತ್ತೆಂದರೆ, ಸೊಸೆ ಮೂರನೇ ಸಲ ತವರಿಗೆ ಓಡಿಹೋಗುವ ಹೊತ್ತಿಗೆ ಮಕ್ತಲ ಹಿಂದೆ ಬಿದ್ದಿತ್ತು, ಐದನೇ ಸಲಕ್ಕೆ ಗದ್ವಾಲದ ಕೋಟೆ ಎದುರಿಗೆ ನಿಂತಿತ್ತು. ಹೊರಳಿ ಮಕ್ತಲಕ್ಕೆ ಬಂದಾಗ ಮಧ್ಯಾಹ್ನ ಮೂರೂವರೆ. ಆಶಪ್ಪ ತಿರುಗದ ಫ್ಯಾನಿನ ಕೆಳಗಿನ ಕಲ್ಲುಬೆಂಚಿನ ಮೇಲೆ, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು, ಬಿಚ್ಚದೆ ಕುಳಿತಿದ್ದ.

“ಇಷ್ಟೊತ್ತು ಕುಂತೀಯಲ್ಲ ಆಶಪ್ಪಣ್ಣ, ಊರಿಗೆ ಹೋಗಬಾರದೇನು?”

“ಹೋಗು ಅಂತ ಯಾರೂ ಹೇಳಲಿಲ್ರಿ ಸಾರ್.”

“ನಾನು ಸಾರ್ ಅಲ್ಲ, ನವನೀತಾ. ನಂದು ತಪ್ಪಾತು. ಸಿಟ್ಟು ಬಂತೇನು?”

“ಹೂಂ.”

“ಖರೇ ಹೇಳು. ಸಿಟ್ಟು ಬಂದಿಲ್ಲಲ್ಲ?”

“ಹೂಂ.”

ಅವಳಿಗೆ ನಗು ಬಂತು. ಈ ಹೂಂ ಅವಳಿಗೆ ಹೊಸದಲ್ಲ. ಮೇಷ್ಟ್ರು ಗದರಿ ಕೇಳಿದರೆ ಎದುರಿನ ಮಾತು ತಲೆಗೆ ಇಳಿಯುವಷ್ಟರಲ್ಲೇ ಅವರ ಮುಖ ಕೆಂಪಾಗುತ್ತಿತ್ತು. ಹೂಂ ಎಂದುಬಿಟ್ಟರೆ ಆ ಮುಖ ತಣ್ಣಗಾಗುತ್ತಿತ್ತು. ಹಾಗೆಂದೇ ಎಂಟನೇ ಕ್ಲಾಸಿನಲ್ಲಿ, ಕದಿಯದ ಸೀಮೆಸುಣ್ಣದ ಡಬ್ಬಿಯನ್ನು ಕದ್ದೆನೆಂದು ಒಪ್ಪಿಕೊಂಡು, ಎಲ್ಲಿ ಬಚ್ಚಿಟ್ಟೆ ಎಂದಾಗ ಬಾವಿಗೆ ಎಸೆದೆ ಎಂದು ಕಥೆಯನ್ನೂ ಕಟ್ಟಿ ಹೇಳಿದ್ದಳು. ಹೇಳುತ್ತ ಹೇಳುತ್ತ ಡಬ್ಬಿ ನೀರಿಗೆ ಬಿದ್ದ ಸದ್ದು ಅವಳಿಗೇ ಕೇಳಿಸಿತ್ತು.

ಶನಿವಾರಗಳು ಕಳೆದವು. ನವನೀತಾ ಅವನಿಗೆ “ತಡೀರಿ, ವಿಚಾರ ಮಾಡಿ ಹೇಳ್ತೀನಿ” ಕಲಿಸಲು ಹೊರಟಳು. ಆಶಪ್ಪ ಅದನ್ನು ಬಾಯಿಪಾಠ ಮಾಡಿದ. ಆದರೆ ಚಹಾದವನು “ಚಾ ಕುಡೀತೀಯೇನು?” ಎಂದಾಗ “ತಡೀರಿ, ವಿಚಾರ ಮಾಡಿ ಹೇಳ್ತೀನಿ” ಎಂದು ಹತ್ತು ನಿಮಿಷ ಗಂಭೀರವಾಗಿ ನಿಂತು, ಪೊಲೀಸಿನವನು “ಆ ಕಡಿ ಸರಿ” ಎಂದರೆ ಮಾತ್ರ ಹೂಂ ಎನ್ನುತ್ತಿದ್ದ. ಕಲಿಸುವುದು ಒಂದೇ ಕಡೆಯಿಂದಲೂ ನಡೆಯಲಿಲ್ಲ. ಆಶಪ್ಪನಿಗೆ ಇಪ್ಪತ್ತರ ಮೇಲೆ ಎಣಿಕೆ ಬರುತ್ತಿರಲಿಲ್ಲ, ಆದರೆ ಹಿಂಡಿನ ನೂರಾ ನಲವತ್ತು ಕುರಿಗಳ ಮುಖ ಗೊತ್ತಿತ್ತು. ಸಂಜೆ ಒಂದು ಕಡಿಮೆಯಾದರೆ ಎಣಿಸದೆಯೇ “ಕಿವಿಹರಕಿಯ ದೊಡ್ಡ ಮಗಳು ಬಂದಿಲ್ಲ” ಎನ್ನುತ್ತಿದ್ದ. ಬಸ್ಸಿನ ವಿಷಯದಲ್ಲೂ ಬುದ್ಧಿ ಹೇಳಿದವನು ಅವನೇ.

“ಸೀಟು ಖಾಲಿ ಇದ್ರೂ ಕೂಡಬ್ಯಾಡ ತಂಗ್ಯವ್ವ. ಡ್ರೈವರ್ ಬಾಜೂಕ ನಿಂದ್ರು. ಕುಂತ್ರ ಊರು ತಪ್ಪತೈತಿ.”

ಅಂದಿನಿಂದ ನಿಂತೇ ಬಂದಳು. ಮಕ್ತಲ ಮತ್ತೆ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಆಶಪ್ಪ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದ. ಮುಕ್ಕಾಲು ಪಾಲು ಕುರಿಗಳ ಸದ್ದು, ನಡುವೆ “ಎದ್ದೀನಿ, ಉಂಡೀನಿ” ಎಂಬ ಎರಡು ಮಾತು. ಆ ಸದ್ದು ಕೇಳದೆ ನವನೀತಾ ರಾಟೆಗೆ ಕೈ ಹಾಕುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆ ಸದ್ದು ಬರಲಿಲ್ಲ. ಬದಲಿಗೆ ಅವನ ತಾಯಿ ಕಿಷ್ಟಮ್ಮನ ಫೋನು ಬಂತು. ಅಳುವಿನ ನಡುವೆ ತಿಳಿದದ್ದಿಷ್ಟು. ಊರಿನ ಹಿರಿಯ ಭೀಮಣ್ಣನ ಹೊಲದ ಬೋರಿನ ಕೇಬಲ್ಲು ಕಾಣೆಯಾಗಿ ಐದು ದಿನವಾಗಿದೆ. ಶೇಂಗಾ ಬಾಡುತ್ತಿದೆ. ನಿನ್ನೆ ಭೀಮಣ್ಣ ಆಶಪ್ಪನನ್ನು ಹಿಡಿದು ನಿಲ್ಲಿಸಿ, “ನೀ ಕದ್ದಿಯೇನಲೇ?” ಎಂದಿದ್ದಾನೆ. ಆಶಪ್ಪ ಹೂಂ ಎಂದಿದ್ದಾನೆ. ಮೂರು ಸಲ ಕೇಳಿದರೆ ಮೂರು ಸಲವೂ ಹೂಂ. ಇವತ್ತು ಹತ್ತು ಗಂಟೆಗೆ ಬೀರಪ್ಪನ ಗುಡಿಕಟ್ಟೆಯ ಮೇಲೆ ಹಿರಿಯರು ಕೂರುತ್ತಾರೆ. ಆಶಪ್ಪ ಇನ್ನು ಊರಿನ ಕುರಿ ಮುಟ್ಟಬಾರದು ಎಂದು ಹೇಳುತ್ತಾರಂತೆ.

“ಕುರಿ ಕಸಗೊಂಡ್ರ ಅಂವ ಸತ್ತೇ ಹೋಗ್ತಾನವ್ವ.”

ಕರುಣಾ ಮೇಡಂ ಅಂದು ಹೈದರಾಬಾದಿನಲ್ಲಿದ್ದರು. ನಾಲ್ಕು ಗಂಟೆಗೆ ಬರುತ್ತೇನೆ, ಅಲ್ಲಿಯವರೆಗೆ ಏನೂ ಮಾಡಬೇಡ ಎಂದು ಫೋನಿನಲ್ಲಿ ಹೇಳಿದರು. ನವನೀತಾ ಹೂಂ ಎಂದು ಫೋನಿಟ್ಟು ಚಪ್ಪಲಿ ಮೆಟ್ಟಿದಳು. ಹಿಂದಿನಿಂದ ಅನಂತಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ ಬಂದಳು.

“ನೀ ಯಾಕ ಬರ್ತಿ?”

“ಒಬ್ಬಾಕೀನ ಬಿಟ್ರ ಗದ್ವಾಲನೂ ದಾಟಿ ಐಜದಾಗ ಇಳೀತಿ. ನಡಿ.”

ಗುಡಿಕಟ್ಟೆಯ ಮೇಲೆ ಏಳೆಂಟು ಹಿರಿಯರು ಕುಳಿತಿದ್ದರು. ಕೆಳಗೆ ಊರ ಗಂಡಸರು, ದೂರದ ಬೇವಿನ ಮರದಡಿ ಹೆಂಗಸರು. ಆಶಪ್ಪ ನಡುವೆ ಕೈಕಟ್ಟಿ ನಿಂತಿದ್ದ. ಹೊಟ್ಟೆಯ ಮೇಲೆ ಬಿಳಿ ಅಂಗಿ ಬಿಗಿಯಾಗಿದ್ದ ಭೀಮಣ್ಣನಿಗೆ ಸಿಟ್ಟು ಬಂದದ್ದೂ ಸುಳ್ಳಲ್ಲ. ಐದು ದಿನ ನೀರಿಲ್ಲದ ಬೆಳೆಯ ಮುಂದೆ ಯಾರಿಗೆ ತಾನೆ ತಾಳ್ಮೆ ಉಳಿಯುತ್ತದೆ?

ನವನೀತಾ ನೇರ ಕಟ್ಟೆಯ ಮುಂದೆ ಹೋಗಿ ನಿಂತಳು. “ಇಂವ ಕದ್ದಿಲ್ರಿ.”

“ನೀ ಯಾರವ್ವ?”

“ಇವನ ಜೋಡಿದಾರ. ಇವಗ ಇರೋ ರೋಗೇ ನಂಗೂ ಐತಿ.”

ಗಂಡಸರಲ್ಲಿ ಯಾರೋ ಕಿಸಕ್ಕೆಂದರು. ಭೀಮಣ್ಣ ಕೈ ಎತ್ತಿ ಸುಮ್ಮನಿರಿಸಿದ. “ನೋಡವ್ವ, ನಾನೇನು ಹೊಡದು ಕೇಳಿಲ್ಲ. ತಾನಾಗೇ ಮೂರು ಸಲ ಒಪ್ಪಿಕೊಂಡಾನ. ಇದಕ್ಕಿಂತ ಏನು ಸಾಕ್ಷಿ ಬೇಕು?”

ನವನೀತಾಳಿಗೆ ಒಂದು ಯೋಚನೆ ಬಂತು. ಅವಳಿಗೆ ಯೋಚನೆ ಬರುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಜಾಗ ಇರುವುದಿಲ್ಲ. ಆಶಪ್ಪನ ಕಡೆ ತಿರುಗಿ ಗದರಿಸಿ ಕೇಳಿದಳು:

“ಆಶಪ್ಪಾ! ಜೂರಾಲ ಡ್ಯಾಮಿನ ಗೇಟು ಕದ್ದಾಂವ ನೀನೇ ಏನು?”

ಆಶಪ್ಪ ಒಂದು ಗಳಿಗೆ ಅವಳನ್ನು ನೋಡಿದ. “ಹೂಂ.”

“ಎಷ್ಟು ಗೇಟು?”

“ಎರಡು.”

“ಹೆಂಗ ತಂದಿ?”

“ಗಾಡ್ಯಾಗ… ಎತ್ತಿನ ಗಾಡ್ಯಾಗ.”

“ಒಬ್ಬಾಂವ ಎತ್ತಾಕ ಆಗಲ್ಲ. ಜೋಡಿ ಯಾರಿದ್ರು?”

ಆಶಪ್ಪ ಸುತ್ತ ನೋಡಿದ. ಎಲ್ಲರಿಗಿಂತ ಎತ್ತರದಲ್ಲಿ, ಎಲ್ಲರಿಗಿಂತ ದಪ್ಪಗೆ ಕುಳಿತಿದ್ದವನ ಮೇಲೆ ಅವನ ಕಣ್ಣು ನಿಂತಿತು. “ಭೀಮಣ್ಣ.”

ಗುಡಿಯ ಮುಂದೆ ನಗು ಸಿಡಿಯಿತು. ಕಟ್ಟೆಯ ಮೇಲಿನ ಒಬ್ಬ ಮುದುಕ ಕೆಮ್ಮು ಹತ್ತಿ ಪಕ್ಕದವನ ಹೆಗಲು ಹಿಡಿದ. ಯಾವನೋ ಕೂಗಿದ: “ಭೀಮಣ್ಣೋ, ಗೇಟು ಹೊಲದಾಗ ಇಟ್ಟಿಯೋ ಮನ್ಯಾಗ ಇಟ್ಟಿಯೋ?” ಭೀಮಣ್ಣನ ಮುಖ ಕೆಂಪೇರಿತು. ಎಲ್ಲರೂ ನಗುತ್ತಿದ್ದುದರಿಂದ ಆಶಪ್ಪನೂ ನಕ್ಕ. ನಗುತ್ತಲೇ, ಏಕೆ ನಗುತ್ತಿದ್ದೇವೆ ಎಂದು ಕೇಳುವಂತೆ ನವನೀತಾಳ ಮುಖ ನೋಡಿದ.

“ಇವನ ಹೂಂ ಖರೇ ಅನ್ನೂದಾದ್ರ ಮೊದಲ ಭೀಮಣ್ಣನ್ನ ಹಿಡೀರಿ,” ಎಂದಳು ನವನೀತಾ. “ಇಲ್ಲಂದ್ರ ಇಬ್ಬರನ್ನೂ ಬಿಡ್ರಿ.”

ನಗು ಇಳಿದ ಮೇಲೆ ಕೆಮ್ಮುತ್ತಿದ್ದ ಮುದುಕ ಕೇಳಿದ, “ಅಲ್ಲವ್ವ, ಇಂವ ಹಿಂಗ್ಯಾಕ? ಬೀರಪ್ಪನ ಶಾಪ ಅಂತೀವಿ ನಾವು.”

“ಬೀರಪ್ಪಗ ಬ್ಯಾರೆ ಕೆಲಸ ಇಲ್ಲೇನ್ರಿ ಯಜ್ಜಾ? ಶಾಪ ಅಲ್ಲ, ಸಿಂದಿ. ಹೊಟ್ಯಾಗಿದ್ದಾಗ ಕುಡಸಿದ ಸಿಂದಿ.”

ಹೇಳಿದ ಮೇಲೆ ತಿಳಿಯಿತು, ಏನು ಹೇಳಿದೆನೆಂದು. ಅಷ್ಟೂ ಮುಖಗಳು ಬೇವಿನ ಮರದ ಕಡೆ ತಿರುಗಿದವು. ಕಿಷ್ಟಮ್ಮ ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಮೂವತ್ತನಾಲ್ಕು ವರ್ಷದಿಂದ ಮಗ ಮಳ್ಳನೆಂದು ಮರುಗುತ್ತಿದ್ದ ಊರು, ಈಗ ಅವಳನ್ನು ಬೇರೆಯೇ ಒಂದು ಕಣ್ಣಿನಿಂದ ನೋಡಿತು.

“ಆಕೀನ್ನ ಏನ ನೋಡ್ತೀರಿ? ಇಲ್ಲಿ ನೋಡ್ರಿ ನನ್ನ!”

ಅನಂತಮ್ಮ. ಓಣಿಯಲ್ಲಿ ಗಟ್ಟಿಯಾಗಿ ಕೆಮ್ಮದ ಹೆಂಗಸು, ಗಂಡಸರನ್ನು ತಳ್ಳಿಕೊಂಡು ಮುಂದೆ ಬಂದಿದ್ದಳು.

“ನಾನೂ ಕುಡದೆ. ಈಕಿ ಹೊಟ್ಯಾಗಿದ್ದಾಗ ದಿನಾ ಎರಡು ಸೀಸಾ. ಕೂಸು ಬೆಳ್ಳಗ ಹುಟ್ಟತೈತಿ ಅಂತ ನಮ್ಮತ್ತಿ ಕುಡಿಸಿದ್ಲು. ಮಗ್ಗದಿಂದ ಎದ್ದು ಹೋಗಿ ಗಂಡ ತಂದ. ಸಿಂದಿ ಅಂಗಡಿಯಾಂವ ಅದರಾಗ ಯಾವ ಪುಡಿ ಕಲಸಿದ್ನೋ ಅವಗೇ ಗೊತ್ತು. ಬ್ಯಾಡ ಅಂತ ಒಬ್ಬರು ಹೇಳಲಿಲ್ಲ. ಈಗ ಪಾಪ ಹೊರಾಕ ಮಾತ್ರ ನಾನೊಬ್ಬಾಕಿ, ಈ ಕಿಷ್ಟವ್ವ ಒಬ್ಬಾಕಿ ಏನು?” ಉಸಿರು ಎಳೆದುಕೊಂಡಳು. “ಹೆಂಡತಿ ಬಸುರಿದ್ದಾಗ ಮನಿಗೆ ಸೀಸಾ ತಂದಿಲ್ಲ ಅನ್ನೋ ಗಂಡಸು ಯಾವನಿದ್ರೂ ಕೈ ಎತ್ರಿ, ನೋಡೋಣು!”

ಕಟ್ಟೆಯ ಮೇಲೆ ಒಬ್ಬರೂ ಅಲುಗಲಿಲ್ಲ. ಕೆಳಗಿನವರು ನೆಲ ನೋಡಿದರು. ನಡುವೆ ಒಂದೇ ಒಂದು ಕೈ ಮೇಲೆದ್ದಿತು, ಆಶಪ್ಪನದು. ಅವನಿಗೆ ಮದುವೆಯೇ ಆಗಿರಲಿಲ್ಲ. ಆ ದಿನ ಆ ಕಟ್ಟೆಯ ಮುಂದೆ ಯಾರೂ ತಕರಾರು ತೆಗೆಯಲಾಗದ ಸಾಕ್ಷಿ ಅದೊಂದೇ.

ಹಿರಿಯರು ತಲೆಗೆ ತಲೆ ಹಚ್ಚಿ ಗುಸುಗುಸು ಮಾಡಿದರು. ಕೊನೆಗೆ, ಕೇಬಲ್ಲಿನ ಪತ್ತೆಯಾಗುವವರೆಗೆ ಯಾರ ಮೇಲೂ ಹೊರಿಸುವುದು ಬೇಡ, ಆಶಪ್ಪ ಎಂದಿನಂತೆ ಕುರಿ ಕಾಯಲಿ ಎಂದರು. ಕಿಷ್ಟಮ್ಮ ಓಡಿ ಬಂದು ಅನಂತಮ್ಮನ ಎರಡೂ ಕೈ ಹಿಡಿದಳು.

ನವನೀತಾ ಗೆದ್ದ ಪೈಲ್ವಾನನಂತೆ ರಸ್ತೆಯ ಕಡೆ ನಡೆದಳು. ಹಿಂದೆ ಆಶಪ್ಪ ಬಂದ.

“ತಂಗ್ಯವ್ವ, ನಾನು ಗೇಟು ಕದ್ದಿಲ್ಲಲ್ಲ?”

“ಇಲ್ಲೋ ಅಣ್ಣಾ.”

“ಕೇಬಲ್ಲು?”

“ಅದನ್ನೂ ಕದ್ದಿಲ್ಲ.”

ಆಶಪ್ಪ ಕಂಬಳಿಯ ಹೆಗಲು ಬದಲಿಸಿದ. “ಮತ್ತ ಎಲ್ಲಾರೂ ಯಾಕ ನಕ್ಕರು?”

ನವನೀತಾ ಆಟೋ ಬರುವ ದಾರಿ ನೋಡಿದಳು. ಉಟ್ಕೂರಿನ ಆಟೋ ಬಂದಾಗ ಅವನು ಕೈ ಬೀಸದೆ ಊರ ಕಡೆ ಹೊರಳಿದ.

ನಾರಾಯಣಪೇಟೆಯ ಬಸ್ಸಿನಲ್ಲಿ ಅವಳು ಡ್ರೈವರ ಪಕ್ಕ ನಿಂತಳು. ಅನಂತಮ್ಮ ಎಳೆದು ಕೂರಿಸಿಕೊಂಡಳು, ತಾನಿದ್ದೇನಲ್ಲ ಎಂದು. ಕಿಟಕಿಯ ಹೊರಗೆ ನೋಡುತ್ತಲೇ ತಾಯಿ ಕೇಳಿದಳು:

“ನನ್ನ ಮ್ಯಾಲೆ ಸಿಟ್ಟೈತೇನು ನಿಂಗ?”

“ಐತಿ,” ಎಂದಳು ನವನೀತಾ. “ನೆನಪಿರಲ್ಲ ಅಷ್ಟ.”

ಅನಂತಮ್ಮ ನಕ್ಕಳು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ಕಂಡಕ್ಟರಿಗೂ ತಿಳಿಯದೆ ಅವನು ಟಿಕೇಟು ಕೇಳದೆ ಮುಂದೆ ಹೋದ.

ಸಂಜೆ ಕರುಣಾ ಮೇಡಂ ಹೊಗಳುತ್ತಾರೆಂದು ನವನೀತಾ ಮೆಟ್ಟಿಲು ಹತ್ತಿದಳು. ಮೇಡಂ ಪೂರ್ತಿ ಕೇಳಿಸಿಕೊಂಡರು.

“ಹಂಗ ಮಾಡ್ತೀನಿ ಅಂತ ಅವನ್ನ ಮೊದಲ ಕೇಳಿದ್ದೇನು?”

“ಟೈಮ್ ಎಲ್ಲಿತ್ರಿ?”

“ನಿನ್ನನ್ನ ಯಾರಾದ್ರೂ ಹಂಗ ನಿಂದ್ರಿಸಿ, ಓಣಿ ಎಲ್ಲಾ ನಗೂವಂಗ ಕೇಳಿದ್ರ?”

ನವನೀತಾಳಿಗೆ ಸೀಮೆಸುಣ್ಣದ ಡಬ್ಬಿಯ ದಿನ ನೆನಪಾಯಿತು. ಅಂದು ಕ್ಲಾಸು ನಕ್ಕಿತ್ತು, ಮೇಷ್ಟ್ರೂ ನಕ್ಕಿದ್ದರು. ಬೇಕಾದದ್ದೆಲ್ಲ ಮರೆತರೂ ಆ ನಗು ಮಾತ್ರ ಎಲ್ಲೂ ಹೋಗಿರಲಿಲ್ಲ.

ಮರುದಿನ ಫೋನಿನಲ್ಲಿ ಕುರಿಗಳ ಸದ್ದು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶನಿವಾರ ಹತ್ತೂವರೆಗೆ ಸರಿಯಾಗಿ ಮಕ್ತಲದಲ್ಲಿ ಇಳಿದು ಎರಡು ಗಂಟೆ ಕಾದಳು. ಇಷ್ಟು ವರ್ಷ ಎಲ್ಲರೂ ಅವಳಿಗಾಗಿ ಕಾದಿದ್ದರು, ಅವಳು ಯಾರಿಗೂ ಕಾದು ಗೊತ್ತಿರಲಿಲ್ಲ. ಹೊತ್ತು ಎಂಬುದು ಇಷ್ಟು ಉದ್ದ ಇರುತ್ತದೆಂದು ಆ ದಿನ ತಿಳಿಯಿತು. ಚಹಾದವನು ಬಂದು, “ನಿಮ್ಮ ಮೀಸಿ ಅಣ್ಣ ಎಲ್ಲಿ?” ಎಂದಾಗ ಅವನನ್ನೂ ಬೈದಳು.

ಅಷ್ಟರಲ್ಲಿ ಕೇಬಲ್ಲು ಸಿಕ್ಕಿತು. ಭೀಮಣ್ಣನ ಮಗ ಶ್ರೀನು ಅದನ್ನು ಜಾಯಿಂಟು ಹಾಕಿಸಲೆಂದು ಮಕ್ತಲದ ಮೆಕ್ಯಾನಿಕ್ ಅಂಗಡಿಯಲ್ಲಿ ಕೊಟ್ಟು, ಮನೆಯಲ್ಲಿ ಹೇಳುವುದನ್ನು ಮರೆತು, ಹೆಂಡತಿಯ ತವರಿಗೆ ಹೋಗಿ ಹನ್ನೊಂದು ದಿನ ಕೋಳಿ ತಿನ್ನುತ್ತ ಕುಳಿತಿದ್ದ. ಅವನಿಗೆ ಯಾವ ರೋಗವೂ ಇರಲಿಲ್ಲ. ಬರೀ ಮರೆತಿದ್ದ. ಭೀಮಣ್ಣ ಆಶಪ್ಪನ ಗುಡಿಸಲಿಗೆ ಹೋಗಿ ಮಾಫಿ ಕೇಳಿದನಂತೆ. ಆಶಪ್ಪ ಕೇಳಿಸಿಕೊಂಡು, ಒಂದು ತಿಂಗಳು ನಿಮ್ಮ ಕುರಿ ಕಾಯುವುದಿಲ್ಲ ಎಂದನಂತೆ. ಭೀಮಣ್ಣ ಆ ಹೊಟ್ಟೆ ಹೊತ್ತುಕೊಂಡು ತನ್ನ ಹನ್ನೆರಡು ಕುರಿಗಳ ಹಿಂದೆ ತಾನೇ ಓಡುವುದನ್ನು ನೋಡಲು ಬೇವಿನ ಮರದಡಿಯ ಹೆಂಗಸರು ಬೆಳಿಗ್ಗೆ ಬೇಗ ಕೆಲಸ ಮುಗಿಸುತ್ತಿದ್ದರು. ಇದನ್ನೆಲ್ಲ ಫೋನಿನಲ್ಲಿ ಹೇಳಿದವಳು ಕಿಷ್ಟಮ್ಮ, ಅದೂ ನವನೀತಾಳಿಗಲ್ಲ, ಅನಂತಮ್ಮನಿಗೆ.

ಎರಡನೇ ಶನಿವಾರ ನವನೀತಾ ಮಕ್ತಲಕ್ಕೆ ಹೋಗದೆ ಉಟ್ಕೂರಿನಲ್ಲಿ ಇಳಿದು, ಕೇಳುತ್ತ ಕೇಳುತ್ತ ಹೊಲ ಹುಡುಕಿಕೊಂಡು ಹೋದಳು. ಆಶಪ್ಪ ಕೋಲಿಗೆ ಗಲ್ಲ ಊರಿ ನಿಂತಿದ್ದ. ನೋಡಿದರೂ ನೋಡದವನಂತಿದ್ದ.

“ತಪ್ಪಾತು ಅಣ್ಣಾ. ನಿನ್ನ ಕೇಳದ, ನಿನ್ನ ಮ್ಯಾಲೆ ಊರು ನಗಿಸಿದೆ. ನಿನ್ನ ಬಿಡಿಸಾಕ ಮಾಡಿದೆ, ಆದ್ರೂ ತಪ್ಪು.”

ಅ​ವನು ಬಹಳ ಹೊತ್ತು ಕುರಿಗಳನ್ನೇ ನೋಡಿದ. ಅವಳು ಬಾಯಿ ತೆರೆಯದಂತೆ ಕೆಳತುಟಿ ಕಚ್ಚಿಕೊಂಡು ನಿಂತಳು. ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

“ಇವತ್ತು ಮಾತಾಡಲ್ಲ,” ಎಂದ ಆಶಪ್ಪ ಕೊನೆಗೆ. “ಇನ್ನೂ ಬ್ಯಾಸರ ಐತಿ. ಮುಂದಿನ ವಾರ ಬರ್ತೀನಿ. ಈಗ ಆ ಕಡಿ ಸರಿ, ಮರಿಗಳು ಹಾಯಬೇಕು.”

ಸರಿದಳು. ಮರಿಗಳು ಹಾದುಹೋದವು. ಮುಂದಿನ ವಾರ ಅವನು ಬಂದ.

ಅನಂತಮ್ಮನೂ ಕಿಷ್ಟಮ್ಮನೂ ಈಗ ಪ್ರತಿ ಸೋಮವಾರ ಕರುಣಾ ಮೇಡಂ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಸೊಂಟ ಹಿಡಿದುಕೊಂಡು, ಮೆಟ್ಟಿಲು ಕಟ್ಟಿದವನಿಗೆ ಶಾಪ ಹಾಕುತ್ತ ಹತ್ತುತ್ತಾರೆ. ಮೇಡಂ ಅವರನ್ನು ಉಟ್ಕೂರಿನ ಕಡೆಯ ಒಂದು ಅಂಗನವಾಡಿಗೆ, ಬಸುರಿಯರ ಜೊತೆ ಮಾತಾಡಲು ಕರೆದುಕೊಂಡು ಹೋದರು. ನವನೀತಾ, ಆಶಪ್ಪ ಬಾಗಿಲ ಹತ್ತಿರ ಕುಳಿತು ಮಕ್ಕಳಿಗೆ ಹಂಚುವ ಮೊಟ್ಟೆ ಸುಲಿಯುತ್ತಿದ್ದರು. ಅನಂತಮ್ಮ ತನ್ನ ಸಿಂದಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಸೊಸೆಯ ಜೊತೆ ಬಂದ ಅತ್ತೆಯೊಬ್ಬಳು ಮುಖ ಸಿಂಡರಿಸಿದಳು.

“ನಾವೆಲ್ಲಾ ಕುಡದೇ ಹಡದೀವಿ. ನಮ್ಮ ಮಕ್ಕಳಿಗೇನಾಗೈತಿ?”

“ಇವತ್ತು ಮನಿಗೆ ಹೋಗಿ ನಿನ್ನ ಮಗನ್ನ ಒಮ್ಮೆ ಸರಿಯಾಗಿ ನೋಡವ್ವ,” ಎಂದಳು ಅನಂತಮ್ಮ.

ಕೋಣೆಯೆಲ್ಲ ನಕ್ಕಿತು. ಅತ್ತೆ ಎದ್ದು ಹೊರಗೆ ಹೋದಳು. ಸೊಸೆ ಹೋಗಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು ನಿಂತಳು. ಆಗ ಕಿಷ್ಟಮ್ಮ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ಆ ಹುಡುಗಿಯ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಂಗ ಯಾರೂ ಹೇಳಿರಲಿಲ್ಲವ್ವ,” ಎಂದಳು. “ನಿಂಗ ನಾನು ಹೇಳೀನಿ.”